ಹರಕೆಗೆ ಲೆಕ್ಕ ಬೇಡ, ಮದ್ದಿಗೆ ಬೇಕು

ಪಾಂಡವಪುರ ತಾಲ್ಲೂಕಿನ ತೊಣ್ಣೂರಿನ ಬಗ್ಗೆ ಒಂದು ಐತಿಹ್ಯವಿದೆ. ಚೋಳನಾಡಿನಿಂದ ಬಂದ ರಾಮಾನುಜರು ಅಲ್ಲಿದ್ದಾಗ ದೊರೆ ಬಿಟ್ಟಿದೇವನ ಮಗಳಿಗೆ ಗ್ರಹ ಹಿಡಿದಿತ್ತಂತೆ. ಯಾರೂ ಬಿಡಿಸಲಾಗದ್ದನ್ನು ರಾಮಾನುಜರು ಬಿಡಿಸಿದರಂತೆ, ದೊರೆ ಅವರ ಶಿಷ್ಯನಾಗಿ ವಿಷ್ಣುವರ್ಧನನಾದನಂತೆ. ಇತಿಹಾಸಕಾರರು ಇದನ್ನು ಇದ್ದ ಹಾಗೇ ಒಪ್ಪುವುದಿಲ್ಲ. ನಾನು ಇಲ್ಲಿ ಹಿಡಿಯಲು ಹೊರಟಿರುವುದು ಕಥೆಯ ಮುಂದಿನ ಭಾಗವನ್ನು. ಗುರುಪರಂಪರೆಯ ಪ್ರಕಾರ, ಹುಡುಗಿ ವಾಸಿಯಾದ ಮೇಲೆ ಜೈನ ಪಂಡಿತರು ರಾಮಾನುಜರನ್ನು ವಾದಕ್ಕೆ ಕರೆದರು, ರಾಮಾನುಜರು ಕೂತು ವಾದ ಮಾಡಿದರು. ಆ ವಾದದ ವರ್ಣನೆಯಲ್ಲೂ ಪವಾಡ ಉಂಟು, ಇರಲಿ. ಪವಾಡವನ್ನು ಸಂಭ್ರಮದಿಂದ ಹೇಳುವ ಕಥೆಗೂ ರೋಗ ಗುಣವಾಯಿತು ಎಂಬಷ್ಟರಿಂದಲೇ ಸಿದ್ಧಾಂತ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಪ್ರಮಾಣ ಬೇಕು ಎಂಬುದು ಗೊತ್ತಿತ್ತು. ಇದೇ ಮಾತನ್ನು ತಿರುಗಿಸಿಯೂ ಕೇಳಬಹುದು. ನಂಬಿಕೆ ಗಟ್ಟಿಯಾಗಿದೆ ಎಂಬಷ್ಟರಿಂದ ಮದ್ದು ನಿಜವಾಗುತ್ತದೆಯೇ? ನಂಬಿ ತೆಗೆದುಕೊಂಡ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡುವುದು ಆ ನಂಬಿಕೆಗೆ ಮಾಡುವ ಅಪಚಾರವೇ? ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ಕಾಯಿಲೆಯ ಎದುರಿನಲ್ಲಿ ಈ ಪ್ರಶ್ನೆ ಬಹಳ ಚೂಪಾಗುತ್ತದೆ.

ಈ ಕಾಯಿಲೆಯಲ್ಲಿ ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ತಿನ್ನತೊಡಗುತ್ತದೆ. ಪೊರೆ ಹಾಳಾದ ಕಡೆ ನರಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ಮೂತ್ರದ ಹಿಡಿತ ತಪ್ಪುತ್ತದೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುವ ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೊ ಇದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿದರು. ಉತ್ತರ ಯುರೋಪಿನ ಹಲವು ದೇಶಗಳಲ್ಲಿ ಲಕ್ಷಕ್ಕೆ 150ಕ್ಕೂ ಮಿಕ್ಕಿ ರೋಗಿಗಳಿದ್ದಾರೆ. ನಮ್ಮಲ್ಲಿ ಕಡಿಮೆ, ಮಂಗಳೂರಿನ ನರತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ನಗರದಲ್ಲಿ ಲಕ್ಷಕ್ಕೆ ಸುಮಾರು 8 ಎಂದು ಕಂಡಿತು. ಕಡಿಮೆ ಇರುವುದರಿಂದಲೇ ಇದಕ್ಕೆ ಹಳ್ಳಿಗಳಲ್ಲಿ ಹೆಸರಿಲ್ಲ. ಹೇಮಾವತಿ ದಡದ ಬಂಡಿಹೊಳೆಯಲ್ಲೋ ಕಿಕ್ಕೇರಿಯಲ್ಲೋ ಮೂವತ್ತರ ಹೆಂಗಸೊಬ್ಬಳ ಕಾಲು ಬಿದ್ದರೆ ಅದು ‘ಲಕ್ವ’ ಆಗುತ್ತದೆ, ಲಕ್ವಕ್ಕೆ ನಾಟಿ ಮದ್ದು ಕೊಡುವವರು ಎಲ್ಲಿದ್ದಾರೆ ಎಂಬ ವಿಚಾರಣೆ ಶುರುವಾಗುತ್ತದೆ. ಕಾನೂನಿಗಂತೂ ಈ ಹೆಸರು ಗೊತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಇದೂ ಒಂದು.

ಬದಲಿ ಚಿಕಿತ್ಸೆಗಳ ಬೆಲೆ ಕಟ್ಟುವುದು ಈ ಕಾಯಿಲೆಯಲ್ಲಿ ಏಕೆ ಅಷ್ಟು ಕಷ್ಟ ಎಂಬುದಕ್ಕೆ ಕಾರಣ ಅದರ ನಡಿಗೆಯಲ್ಲೇ ಇದೆ. ನೂರು ರೋಗಿಗಳಲ್ಲಿ ಸುಮಾರು 85 ಮಂದಿಗೆ ಅದು ಬಂದು ಹೋಗುವ ರೂಪದಲ್ಲಿ ಆರಂಭವಾಗುತ್ತದೆ. ಒಂದು ದಾಳಿ ಕೆಲವು ದಿನಗಳಲ್ಲಿ ಏರುತ್ತದೆ, ವಾರಗಟ್ಟಲೆ ನಿಲ್ಲುತ್ತದೆ, ಆಮೇಲೆ ಏನೂ ಮಾಡದಿದ್ದರೂ ಬಹಳಷ್ಟು ಇಳಿಯುತ್ತದೆ. ಮುಂದಿನ ದಾಳಿ ತಿಂಗಳುಗಳ ನಂತರ ಬರಬಹುದು, ವರ್ಷಗಳ ನಂತರವೂ ಬರಬಹುದು. ಮನುಷ್ಯ ಹೊಸ ಚಿಕಿತ್ಸೆ ಹುಡುಕಿಕೊಂಡು ಹೋಗುವುದು ಯಾವಾಗ? ಸ್ಥಿತಿ ತೀರಾ ಕೆಟ್ಟಾಗ. ತೀರಾ ಕೆಟ್ಟ ಘಳಿಗೆಯ ಮುಂದಿನದು, ಕಾಯಿಲೆಯ ಸ್ವಭಾವದಂತೆ, ಇಳಿಯುವ ಘಳಿಗೆ. ಹಾಗಾಗಿ ಆ ವಾರ ಕುಡಿದ ಕಷಾಯ, ಕಟ್ಟಿಸಿಕೊಂಡ ತಾಯತ, ಹೊತ್ತ ಹರಕೆ, ನುಂಗಿದ ಮಾತ್ರೆ, ಎಲ್ಲಕ್ಕೂ ಗೆದ್ದ ಹೆಸರು ಬರುತ್ತದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಇರುವ ಸಂಬಂಧ ಎಂದು ನಮ್ಮ ತಾರ್ಕಿಕರು ಕರೆದದ್ದು ಇದನ್ನೇ. ವ್ಯತ್ಯಾಸವೆಂದರೆ, ಇಲ್ಲಿ ಹಣ್ಣು ಬೀಳುವ ಹೊತ್ತು ಹತ್ತಿರವಾದಾಗಲೇ ಕಾಗೆಯನ್ನು ಹುಡುಕಿ ತರಲಾಗುತ್ತದೆ. ಆದ್ದರಿಂದ ವಾಸಿಯಾದವರ ಸಾಕ್ಷಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದೊಂದರಿಂದಲೇ ಯಾವ ಮದ್ದನ್ನೂ ತೂಗಲಾಗದು.

ಇದು ಪಶ್ಚಿಮದ ಸಂಶಯವಾದಿಗಳು ನಮಗೆ ಕಲಿಸಿದ ಪಾಠ ಎಂದು ಯಾರೂ ತಿಳಿಯಬೇಕಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 10ನೇ ಅಧ್ಯಾಯದಲ್ಲಿ ಮೈತ್ರೇಯನು ಗುರು ಆತ್ರೇಯನಿಗೆ ನೇರವಾಗಿ ಸವಾಲು ಹಾಕುತ್ತಾನೆ. ಒಳ್ಳೆಯ ವೈದ್ಯ, ಒಳ್ಳೆಯ ಮದ್ದು, ಆರೈಕೆ ಎಲ್ಲ ಇದ್ದವರಲ್ಲಿ ಕೆಲವರು ಬದುಕುತ್ತಾರೆ, ಕೆಲವರು ಸಾಯುತ್ತಾರೆ. ಏನೂ ಇಲ್ಲದವರಲ್ಲೂ ಕೆಲವರು ಬದುಕುತ್ತಾರೆ, ಕೆಲವರು ಸಾಯುತ್ತಾರೆ. ಹಾಗಿದ್ದಮೇಲೆ ಚಿಕಿತ್ಸೆಗೂ ಚಿಕಿತ್ಸೆ ಇಲ್ಲದಿರುವುದಕ್ಕೂ ಏನು ಭೇದ? ಮೈತ್ರೇಯ ಹಾಕಿದ ಈ ನಾಲ್ಕು ಮನೆಗಳ ಪಟ್ಟಿಯೇ ಇಂದಿನ ವೈದ್ಯಕೀಯ ಪರೀಕ್ಷೆಯ ತಳಪಾಯ. ಮದ್ದು ತಿಂದು ಗುಣವಾದವರು, ತಿಂದೂ ಗುಣವಾಗದವರು, ತಿನ್ನದೆಯೇ ಗುಣವಾದವರು, ತಿನ್ನದೆ ಗುಣವಾಗದವರು: ನಾಲ್ಕೂ ಮನೆಯ ಎಣಿಕೆ ಸಿಗುವವರೆಗೆ ಮೊದಲ ಮನೆಯ ಎಣಿಕೆಗೆ ಅರ್ಥವಿಲ್ಲ. ಆತ್ರೇಯ ಸಿಟ್ಟಾಗುವುದಿಲ್ಲ, ಶಿಷ್ಯನ ಶ್ರದ್ಧೆಯನ್ನು ಪ್ರಶ್ನಿಸುವುದೂ ಇಲ್ಲ. ತಾನಾಗಿ ಗುಣವಾಗುವ ರೋಗಕ್ಕೆ ಚಿಕಿತ್ಸೆ ವೇಗ ಕೊಡುತ್ತದೆ, ಚಿಕಿತ್ಸೆಯಿಂದ ಮಾತ್ರ ಗುಣವಾಗುವ ರೋಗಗಳು ಬೇರೆ ಇವೆ, ಯಾವುದರಿಂದಲೂ ಗುಣವಾಗದವೂ ಇವೆ ಎಂದು ವಿಂಗಡಿಸಿ ಉತ್ತರಿಸುತ್ತಾನೆ. ಅದೇ ಅಧ್ಯಾಯ ರೋಗಗಳಲ್ಲಿ ‘ಯಾಪ್ಯ’ ಎಂಬ ಬಗೆಯನ್ನೂ ಹೇಳುತ್ತದೆ. ಬೇರುಸಹಿತ ಹೋಗದ, ಚಿಕಿತ್ಸೆ ಇರುವವರೆಗೆ ಹಿಡಿತದಲ್ಲಿರುವ ಕಾಯಿಲೆ ಅದು. ಮಲ್ಟಿಪಲ್ ಸ್ಕ್ಲೆರೋಸಿಸ್ ಇಂದು ಇರುವುದು ಸರಿಯಾಗಿ ಆ ಜಾಗದಲ್ಲಿ. ‘ಬುಡದಿಂದ ಕಿತ್ತುಹಾಕುತ್ತೇವೆ’ ಎಂದು ಹಸ್ತಪತ್ರಿಕೆ ಹಂಚುವವರು ಹೆಸರಿಗೆ ಆಯುರ್ವೇದವನ್ನು ಹಿಡಿದಿದ್ದರೂ ಚರಕನ ಎಚ್ಚರವನ್ನು ಬಿಟ್ಟಿದ್ದಾರೆ.

ನ್ಯಾಯಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಎರಡು ಸಂಗತಿಗಳಿಗೆ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ಇದೆ ಎನ್ನಲು ಇದು ಇದ್ದಾಗ ಅದು ಇರುತ್ತದೆ ಎಂಬ ಅನ್ವಯ ಸಾಲದು, ಇದು ಇಲ್ಲದಾಗ ಅದೂ ಇರುವುದಿಲ್ಲ ಎಂಬ ವ್ಯತಿರೇಕವೂ ಬೇಕು. ಜೊತೆಗೆ, ನಡುವೆ ಅಡಗಿರಬಹುದಾದ ಉಪಾಧಿಯನ್ನು ಹುಡುಕಬೇಕು. ಬೆಂಕಿ ಇರುವಲ್ಲೆಲ್ಲ ಹೊಗೆ ಎಂದವನಿಗೆ ನೈಯಾಯಿಕ ಹೇಳುವುದು, ಹೊಗೆ ಬಂದದ್ದು ಹಸಿ ಸೌದೆಯಿಂದ ಎಂದು. ಚಿಕಿತ್ಸೆ ಪಡೆಯದ ಗುಂಪನ್ನು ಪಕ್ಕದಲ್ಲಿಟ್ಟು ನೋಡುವುದು ವ್ಯತಿರೇಕ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು, ಯಾರಿಗೆ ಏನು ಸಿಕ್ಕಿತೆಂದು ರೋಗಿಗೂ ಪರೀಕ್ಷಕನಿಗೂ ತಿಳಿಸದಿರುವುದು, ಇವು ಉಪಾಧಿಯನ್ನು ಹೊರಗಿಡುವ ಉಪಾಯಗಳು. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಈ ಕಾಯಿಲೆಯ ಮೊದಲ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 372 ರೋಗಿಗಳ ಇಂಥ ಪರೀಕ್ಷೆಯ ಬಲದಿಂದ. ಹೆಚ್ಚಿನ ಪ್ರಮಾಣದ ಔಷಧಿ ಸಿಕ್ಕವರಲ್ಲಿ ವರ್ಷಕ್ಕೆ ಸರಾಸರಿ 0.84 ದಾಳಿ, ಹುಸಿ ಚುಚ್ಚುಮದ್ದಿನವರಲ್ಲಿ 1.27. ದಾಳಿ ನಿಂತುಹೋಗಲಿಲ್ಲ, ಸುಮಾರು ಮೂರನೇ ಒಂದರಷ್ಟು ಇಳಿಯಿತು. ಈ ಸಾಧಾರಣ ಅಂಕಿಯೇ ಅದರ ಮರ್ಯಾದೆ, ಯಾಕೆಂದರೆ ಅದು ವ್ಯತಿರೇಕವನ್ನು ದಾಟಿ ಬಂದ ಅಂಕಿ.

ಹಾಗಾದರೆ ‘ನನಗೆ ಹಿತವಾಯಿತು’ ಎನ್ನುವ ರೋಗಿ ಸುಳ್ಳು ಹೇಳುತ್ತಿದ್ದಾನೆಯೇ? ಇಲ್ಲ. ಇಲ್ಲಿ ರಾಮಾನುಜರ ಸಿದ್ಧಾಂತವೇ ನೆರವಿಗೆ ಬರುತ್ತದೆ. ಭ್ರಮೆಯಲ್ಲೂ ಕಾಣುವುದು ಇಲ್ಲದ್ದಲ್ಲ, ಇರುವುದರ ಒಂದು ಅಂಶ; ಉಳಿದ ಅಂಶ ಕಾಣದೆ ಹೋದದ್ದರಿಂದ ವ್ಯವಹಾರ ಕೆಡುತ್ತದೆ ಎಂಬುದು ಅವರ ಯಥಾರ್ಥಖ್ಯಾತಿ ವಾದ. ಮೇಲುಕೋಟೆಯ ವಿದ್ವತ್ತು ಶತಮಾನಗಳಿಂದ ಪಾಠ ಹೇಳಿಕೊಂಡು ಬಂದ ಈ ಮಾತಿಗೆ ಒಂದು ವೈದ್ಯಕೀಯ ಉದಾಹರಣೆ ಇದೆ. ಮಯಲಿನ್ ಕಳೆದುಕೊಂಡ ನರ ಶಾಖಕ್ಕೆ ಬಹಳ ಸೂಕ್ಷ್ಮ. ಮೈಯ ಉಷ್ಣತೆ ಸ್ವಲ್ಪ ಏರಿದರೂ ದೃಷ್ಟಿ ಮಂಕಾಗುತ್ತದೆ, ಕಾಲು ಸೋಲುತ್ತದೆ. ತಂಪಾದಾಗ ಮತ್ತೆ ಸರಿಹೋಗುತ್ತದೆ. 1890ರಲ್ಲಿ ಜರ್ಮನಿಯ ವೈದ್ಯ ಊಟಾಫ್ ಇದನ್ನು ಗುರುತಿಸಿದರು. ಎಂ.ಆರ್.ಐ. ಇಲ್ಲದ ಕಾಲದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ರೋಗ ಗುರುತಿಸುವ ಪದ್ಧತಿಯೂ ಇತ್ತು. ಈಗ ಬೇಸಿಗೆಯಲ್ಲಿ ಹೇಮಾವತಿ ದಡದ ಹೇಮಗಿರಿ ಬೆಟ್ಟಕ್ಕೆ ಬಂದು, ಹೊಳೆಯಲ್ಲಿ ಮುಳುಗಿ, ಮೆಟ್ಟಿಲು ಹತ್ತಿ ಕಲ್ಯಾಣ ವೆಂಕಟರಮಣನ ದರ್ಶನ ಮಾಡಿದ ರೋಗಿಗೆ ಕಾಲಿಗೆ ಬಲ ಬಂದಂತೆ ಅನಿಸಿದರೆ ಅದು ಬರಿಯ ಕಲ್ಪನೆಯಲ್ಲ. ತಣ್ಣೀರು ನರದ ಸಂದೇಶವನ್ನು ಕೆಲಹೊತ್ತು ನಿಜವಾಗಿಯೂ ಸುಗಮಗೊಳಿಸಿದೆ. ಕಂಡದ್ದು ನಿಜ, ಆದರೆ ಅಂಶ. ಹಾಳಾದ ಪೊರೆ ಹಾಗೇ ಇದೆ ಎಂಬ ಇನ್ನೊಂದು ಅಂಶ ಕಾಣಲಿಲ್ಲ. ಇದೇ ಕಾರಣಕ್ಕೆ, ಹಬೆಯಲ್ಲಿ ಕೂರಿಸುವ ಸ್ವೇದನ ಈ ರೋಗಿಗೆ ತಾತ್ಕಾಲಿಕವಾಗಿ ತೊಂದರೆ ಕೊಡಬಹುದು. ಅದನ್ನು ‘ದೋಷ ಹೊರಬರುತ್ತಿದೆ’ ಎಂದು ಸಮಾಧಾನ ಹೇಳುವುದೂ ಅಂಶವನ್ನೇ ಪೂರ್ಣವೆಂದು ತಿಳಿದ ತಪ್ಪು.

ಸಿದ್ಧಾಂತ ಚೆನ್ನಾಗಿದೆ, ರೋಗಿಗಳೂ ಖುಷಿಯಾಗಿದ್ದಾರೆ, ಆದರೂ ಚಿಕಿತ್ಸೆ ಟೊಳ್ಳು ಎಂಬುದಕ್ಕೆ ಇಟಲಿಯ ಫೆರಾರಾದ ಪಾವೊಲೊ ಜಂಬೋನಿ ಅವರ ಪ್ರಸಂಗ ನೋಡಬೇಕು. ರಕ್ತನಾಳ ತಜ್ಞರಾದ ಅವರು 2009ರಲ್ಲಿ, ಕುತ್ತಿಗೆಯ ಅಭಿಧಮನಿಗಳು ಕಿರಿದಾಗಿ ರಕ್ತ ಸರಿಯಾಗಿ ಇಳಿಯದಿರುವುದೇ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಮೂಲವಿರಬಹುದು ಎಂದರು. ಬಲೂನು ಹಾಕಿ ನಾಳ ಹಿಗ್ಗಿಸಿದ 65 ರೋಗಿಗಳಲ್ಲಿ ಸುಧಾರಣೆ ಕಂಡಿತೆಂದು ಬರೆದರು. ಹೋಲಿಸಲು ಬೇರೆ ಗುಂಪು ಇರಲಿಲ್ಲ. ‘ವಿಮೋಚನೆ ಚಿಕಿತ್ಸೆ’ ಎಂಬ ಹೆಸರು ಹಬ್ಬಿತು. ಕೆನಡಾದ ರೋಗಿಗಳು ಸಾಲ ಮಾಡಿ ಪೋಲೆಂಡ್, ಮೆಕ್ಸಿಕೊ, ಭಾರತದವರೆಗೆ ಬಂದು ಮಾಡಿಸಿಕೊಂಡರು. ಕೆಲವರಿಗೆ ಗಂಭೀರ ತೊಡಕುಗಳಾದವು, ಸಾವುಗಳೂ ವರದಿಯಾದವು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ಆಮೇಲೆ ಕೆನಡಾದಲ್ಲಿ 104 ಮಂದಿಯ ಮೇಲೆ, ಅರ್ಧದವರಿಗೆ ನಿಜವಾದ ಬಲೂನು, ಉಳಿದವರಿಗೆ ಹುಸಿ ಪ್ರಕ್ರಿಯೆ ಮಾಡಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಜಂಬೋನಿಯವರೇ ಮುಂದೆ ನಿಂತು ಇಟಲಿಯಲ್ಲಿ ನಡೆಸಿದ ಪರೀಕ್ಷೆಯಲ್ಲೂ ಅದೇ ಫಲಿತಾಂಶ ಬಂತು, 2017ರ ಕೊನೆಗೆ ಅವರೇ ಅದನ್ನು ಪ್ರಕಟಿಸಿದರು. ತನ್ನ ಕೂಸನ್ನು ತಾನೇ ತೂಗಿ ತೂಕ ಸಾಲದೆಂದು ಊರಿಗೆ ಹೇಳುವ ಈ ಧೈರ್ಯವನ್ನು ನಾನು ಧಾರ್ಮಿಕ ಗುಣ ಎಂದೇ ಕರೆಯುತ್ತೇನೆ. ಬದಲಿ ಚಿಕಿತ್ಸೆಗಳ ಲೋಕದಲ್ಲಿ ಬಹಳ ವಿರಳವಾಗಿರುವುದು ಈ ಗುಣ.

ಪರೀಕ್ಷೆ ಎಂದರೆ ತಳ್ಳಿಹಾಕುವ ಕುತಂತ್ರ ಎಂಬ ಗುಮಾನಿಯೂ ನಿಲ್ಲುವಂಥದ್ದಲ್ಲ. ಜೇನುಹುಳುವಿನಿಂದ ಕಚ್ಚಿಸಿಕೊಳ್ಳುವ ಚಿಕಿತ್ಸೆ 2005ರ ಡಚ್ ಪರೀಕ್ಷೆಯಲ್ಲಿ ಸೋತಿತು. ಒತ್ತಡದ ಆಮ್ಲಜನಕದ ಕೋಣೆ 1983ರಲ್ಲಿ ಆಸೆ ಹುಟ್ಟಿಸಿ, ಮುಂದಿನ ಪರೀಕ್ಷೆಗಳಲ್ಲಿ ಕೈಕೊಟ್ಟಿತು. ಗೆದ್ದವೂ ಇವೆ. ಗಾಂಜಾದ ಸಾರದಿಂದ ತಯಾರಿಸಿದ ಬಾಯಿಯ ಸ್ಪ್ರೇ ಸ್ನಾಯು ಬಿಗಿತಕ್ಕೆ ಉಪಯುಕ್ತವೆಂದು 2010ರಲ್ಲಿ ಬ್ರಿಟನ್ನಿನಲ್ಲಿ ಅಂಗೀಕಾರ ಪಡೆಯಿತು. ಯೋಗದ ಕಥೆ ನಮಗೆ ಇನ್ನೂ ಹತ್ತಿರದ್ದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್, ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಕೃಷ್ಣಮಾಚಾರ್ಯರ ಬಳಿ ಕಲಿತರು. ಅವರ ಪದ್ಧತಿಯನ್ನು ಅಮೆರಿಕದ ಆರೆಗಾನ್‌ನಲ್ಲಿ 69 ಎಂ.ಎಸ್. ರೋಗಿಗಳ ಮೇಲೆ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಯೋಗ ಮಾಡಿತು, ಇನ್ನೊಂದು ನಿಂತಲ್ಲೇ ಸೈಕಲ್ ತುಳಿಯಿತು, ಮೂರನೆಯದು ಸರದಿಗಾಗಿ ಕಾಯಿತು. ಆರು ತಿಂಗಳ ನಂತರ ಈ ಕಾಯಿಲೆಯ ಭೀಕರ ಲಕ್ಷಣವಾದ ದಣಿವು ಯೋಗದವರಲ್ಲಿ ಕಡಿಮೆಯಾಗಿತ್ತು, ಸೈಕಲ್ಲಿನವರಲ್ಲೂ ಕಡಿಮೆಯಾಗಿತ್ತು, ಕಾದವರಲ್ಲಿ ಆಗಿರಲಿಲ್ಲ. ಏಕಾಗ್ರತೆ, ನೆನಪಿನಂಥ ಮನಸ್ಸಿನ ಶಕ್ತಿಗಳಲ್ಲಿ ಯಾರಿಗೂ ಬದಲಾವಣೆ ಇರಲಿಲ್ಲ. ಯೋಗದ ಅಭಿಮಾನಿಗೂ ವಿರೋಧಿಗೂ ಇದು ಪೂರ್ತಿ ಹಿಡಿಸದ ಫಲಿತಾಂಶ. ಆದರೆ ರೋಗಿಗೆ ಇದಕ್ಕಿಂತ ಬೆಲೆಯುಳ್ಳ ಮಾತು ಬೇಕಿಲ್ಲ: ದಣಿವಿಗಾಗಿ ಮಾಡು, ಔಷಧಿ ಬಿಡಬೇಡ.

ಹೇಮಗಿರಿಯ ತೇರು ಮತ್ತು ದನಗಳ ಜಾತ್ರೆ ರಥಸಪ್ತಮಿಯ ಸುಮಾರಿಗೆ ಬರುತ್ತವೆ. ಆರೋಗ್ಯವನ್ನು ಸೂರ್ಯನಲ್ಲಿ ಬೇಡುವ ದಿನ ಅದು. ವಿಚಿತ್ರವೆಂದರೆ, ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ಕಾಯಿಲೆ ಹೆಚ್ಚು ಎಂಬುದು ಬಹುಕಾಲದಿಂದ ಕಂಡ ಸಂಗತಿ. ಬಿಸಿಲಿನಿಂದ ಮೈಯಲ್ಲಿ ಹುಟ್ಟುವ ವಿಟಮಿನ್ ಡಿ ರಕ್ತದಲ್ಲಿ ಕಡಿಮೆ ಇರುವವರಿಗೆ ಅಪಾಯ ಹೆಚ್ಚೆಂಬುದೂ ಕಂಡಿದೆ. ಇಷ್ಟರಿಂದ ಶಾಸ್ತ್ರ ಗೆದ್ದಿತು ಎಂದು ಬೀಗುವವರು ಮುಂದಿನ ಪುಟವನ್ನೂ ಓದಬೇಕು. ಬಿಸಿಲಿಗೆ ಬರವಿಲ್ಲದ ನಾಡಿನಲ್ಲೂ ಈ ಕಾಯಿಲೆ ಇದೆ. ಔಷಧಿಯ ಜೊತೆಗೆ ಹೆಚ್ಚು ಪ್ರಮಾಣದ ವಿಟಮಿನ್ ಡಿ ಕೊಟ್ಟ ಅಮೆರಿಕದ ಪರೀಕ್ಷೆ 2023ರಲ್ಲಿ ಲಾಭವಿಲ್ಲ ಎಂದಿತು. ರೋಗದ ಮೊದಲ ದಾಳಿಯ ಹಂತದಲ್ಲೇ ಕೊಟ್ಟ ಫ್ರಾನ್ಸಿನ ಪರೀಕ್ಷೆ 2025ರಲ್ಲಿ ಸ್ವಲ್ಪ ಲಾಭವಿದೆ ಎಂದಿತು. ಅಂದರೆ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗದ್ದನ್ನು ತೀರ್ಮಾನವಾಗದ್ದು ಎಂದೇ ಇಟ್ಟುಕೊಳ್ಳುವ ತಾಳ್ಮೆಯೂ ಪ್ರಮಾಣಶಾಸ್ತ್ರದ ಭಾಗ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ವಿದ್ವಾಂಸರದ್ದು. ಆಯುರ್ವೇದ ರೋಗವನ್ನಲ್ಲ, ರೋಗಿಯನ್ನು ನೋಡುತ್ತದೆ. ಒಬ್ಬೊಬ್ಬರ ಪ್ರಕೃತಿಗೂ ಬೇರೆ ಬೇರೆ ಮದ್ದು. ಎಲ್ಲರಿಗೂ ಒಂದೇ ಮಾತ್ರೆ ಕೊಡುವ ಪರೀಕ್ಷೆಯಲ್ಲಿ ಅದನ್ನು ಅಳೆಯುವುದು ಅನ್ಯಾಯ ಎನ್ನುತ್ತಾರೆ. ಈ ಮಾತಿನಲ್ಲಿ ತೂಕವಿದೆ, ಆದರೆ ಅದಕ್ಕೆ ಉತ್ತರ ಈಗಾಗಲೇ ಕೊಯಮತ್ತೂರಿನಲ್ಲಿ ಸಿಕ್ಕಿದೆ. ರುಮಟಾಯ್ಡ್ ಸಂಧಿವಾತವೂ ಮೈ ತನ್ನನ್ನೇ ತಿನ್ನುವ ಕಾಯಿಲೆ. ಕೊಯಮತ್ತೂರಿನಲ್ಲಿ ಅದರ 43 ರೋಗಿಗಳನ್ನು ಮೂರು ಗುಂಪು ಮಾಡಿದರು. ವೈದ್ಯರು ಪ್ರತಿಯೊಬ್ಬರಿಗೂ ಅವರವರ ಪ್ರಕೃತಿಗೆ ತಕ್ಕ ಮದ್ದನ್ನೇ ಬರೆದರು. ಯಾರಿಗೆ ಆಯುರ್ವೇದದ ಮದ್ದು, ಯಾರಿಗೆ ಮೆಥೊಟ್ರೆಕ್ಸೇಟ್ ಎಂಬ ಆಧುನಿಕ ಔಷಧಿ, ಯಾರಿಗೆ ಎರಡೂ ಎಂಬುದು ಮಾತ್ರ ಗುಟ್ಟಾಗಿತ್ತು; ಉಳಿದದ್ದರ ಜಾಗದಲ್ಲಿ ಹುಸಿ ಮದ್ದು ಇತ್ತು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಂಪುಗಳ ನಡುವೆ ದೊಡ್ಡ ಅಂತರವಿರಲಿಲ್ಲ. ರೋಗಿಗಳ ಸಂಖ್ಯೆ ಚಿಕ್ಕದು, ಅದರಿಂದ ಕೊನೆಯ ತೀರ್ಪು ಕೊಡಲಾಗದು. ಆದರೆ ಒಂದು ಮಾತು ಸ್ಥಾಪಿತವಾಯಿತು: ಆಯುರ್ವೇದವನ್ನು ಅದರದೇ ನಿಯಮದಂತೆ ನಡೆಸುತ್ತಲೇ ತೂಗಬಹುದು. ಚರಕನೂ ಆಪ್ತವಾಕ್ಯ (ಬಲ್ಲವರ ಮಾತು), ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ನಾಲ್ಕು ಬಗೆಯ ಪರೀಕ್ಷೆಗಳನ್ನು ಹೇಳಿದವನು. ಆಪ್ತವಾಕ್ಯ ಒಂದನ್ನೇ ಉಳಿಸಿಕೊಂಡು ಮಿಕ್ಕ ಮೂರನ್ನು ‘ಪಶ್ಚಿಮದ್ದು’ ಎಂದು ಬಿಟ್ಟುಕೊಡುವುದು ಪರಂಪರೆಯ ರಕ್ಷಣೆ ಹೇಗಾದೀತು?

ಎರಡನೆಯ ಆಕ್ಷೇಪ ಸಾಮಾನ್ಯ ಮನೆಗಳದ್ದು: ಬೇರು, ಬಳ್ಳಿ, ಸೊಪ್ಪು ತಿಂದರೆ ಏನು ನಷ್ಟ? ಗುಣವಾಗದಿದ್ದರೂ ಕೆಡುಕಂತೂ ಇಲ್ಲವಲ್ಲ? ಈ ಕಾಯಿಲೆಯಲ್ಲಿ ಈ ಧೈರ್ಯ ಅಪಾಯಕಾರಿ. ಮೈಯ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೆರಳಿರುವುದೇ ಇಲ್ಲಿಯ ರೋಗ; ಅದನ್ನು ಇನ್ನಷ್ಟು ಬಲಪಡಿಸುತ್ತೇವೆ ಎಂದು ಮಾರಾಟವಾಗುವ ಪುಡಿ, ಕಷಾಯಗಳು ರೋಗಿಗೆ ಬೇಕಾದದ್ದರ ತದ್ವಿರುದ್ಧ ದಿಕ್ಕಿಗೆ ಹೊರಟಿರಬಹುದು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕುದಿದ ಅಮೃತಬಳ್ಳಿಯನ್ನೇ ನೋಡಿ. 2020ರ ಕೊನೆಯ ತಿಂಗಳುಗಳಲ್ಲಿ ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟು ಬಿದ್ದ ಆರು ಮಂದಿಯ ವಿವರವನ್ನು ಮುಂಬೈನ ವೈದ್ಯರು ಮರುವರ್ಷ ಪ್ರಕಟಿಸಿದರು. ಆ ಪೆಟ್ಟಿನ ರೂಪ ಮೈ ತನ್ನ ಯಕೃತ್ತಿನ ಮೇಲೆ ತಾನೇ ಎರಗಿದಂತಿತ್ತು. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತ್ತು. ಸೀಸ, ಪಾದರಸಗಳು ನರಕ್ಕೇ ವಿಷ. ಇದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಆರಂಭದ ವರ್ಷಗಳಲ್ಲಿ ದಾಳಿಗಳನ್ನು ತಡೆದರೆ ಉಳಿಯುವ ನರ, ನಾಟಿ ಮದ್ದಿನ ಮೂರು ಸುತ್ತು ಮುಗಿಸಿ ಬರುವ ಹೊತ್ತಿಗೆ ಉಳಿದಿರುವುದಿಲ್ಲ. ಹೋದ ನರ ಯಾವ ಪದ್ಧತಿಯಿಂದಲೂ ವಾಪಸು ಬರುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಕಠಿಣ: ಆಧುನಿಕ ವೈದ್ಯವೇನು ತಪ್ಪು ಮಾಡಿಲ್ಲವೇ, ಅದರ ಬೆಲೆ ಯಾರ ಕೈಗೆ ಎಟುಕುತ್ತದೆ? ತಪ್ಪು ಮಾಡಿದೆ. ನ್ಯೂರೊಮಯಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆ ನೋಡಲು ಎಂ.ಎಸ್. ಹಾಗೇ ಇರುತ್ತದೆ, ನಮ್ಮ ದೇಶದಲ್ಲಿ ಅಪರೂಪವೇನಲ್ಲ. 2004ರಲ್ಲಿ ರಕ್ತದಲ್ಲಿ ಅದರ ಗುರುತು ಸಿಗುವವರೆಗೆ ಎರಡನ್ನೂ ಬೆರೆಸಲಾಗುತ್ತಿತ್ತು. ಎಂ.ಎಸ್.ಗೆ ನೆರವಾಗುವ ಇಂಟರ್‌ಫೆರಾನ್ ಆ ರೋಗಿಗಳಿಗೆ ಕೆಡುಕನ್ನೇ ಮಾಡಬಲ್ಲದು ಎಂಬುದು ತಡವಾಗಿ ತಿಳಿಯಿತು. ಸ್ಟಿರಾಯ್ಡ್ ಬಗ್ಗೆಯೂ ಹಾಗೆಯೇ. 1992ರ ಒಂದು ದೊಡ್ಡ ಪರೀಕ್ಷೆಯಲ್ಲಿ, ಕಣ್ಣಿನ ನರದ ದಾಳಿಗೆ ರಕ್ತನಾಳದ ಮೂಲಕ ಕೊಟ್ಟ ಸ್ಟಿರಾಯ್ಡ್ ಚೇತರಿಕೆಯನ್ನು ಬೇಗ ತಂದಿತೇ ಹೊರತು ಕೊನೆಗೆ ಉಳಿದ ದೃಷ್ಟಿಯನ್ನು ಹೆಚ್ಚೇನೂ ಬದಲಿಸಲಿಲ್ಲ. ಬಾಯಿಯ ಮೂಲಕ ಸಾಧಾರಣ ಪ್ರಮಾಣದಲ್ಲಿ ಕೊಟ್ಟವರಲ್ಲಿ ದಾಳಿ ಮರುಕಳಿಸುವುದೇ ಹೆಚ್ಚಾಯಿತು. ಆದರೆ ಈ ತಪ್ಪುಗಳು ನಮಗೆ ಗೊತ್ತಾದದ್ದು ಹೇಗೆ? ಆ ವೈದ್ಯವೇ ಎಣಿಸಿ, ಹೋಲಿಸಿ, ಬರೆದಿಟ್ಟದ್ದರಿಂದ. ತಪ್ಪಿಲ್ಲದ ಪದ್ಧತಿ ಎಲ್ಲೂ ಇಲ್ಲ. ತಪ್ಪು ಹಿಡಿಯುವ ವ್ಯವಸ್ಥೆ ಇದೆಯೇ ಎಂಬುದೇ ತೂಗಬೇಕಾದ ಅಂಶ. ಬೆಲೆಯ ಮಾತಂತೂ ಪೂರ್ತಿ ನ್ಯಾಯವಾದದ್ದು. ಈ ಕಾಯಿಲೆಯ ಹಲವು ಔಷಧಿಗಳನ್ನು ಕಬ್ಬು, ಭತ್ತದ ಆದಾಯದ ಮನೆಯಲ್ಲಿ ವರ್ಷಗಟ್ಟಲೆ ಕೊಳ್ಳಲಾಗದು. ಆದರೆ ದುಬಾರಿ ಮದ್ದಿಗೆ ಬದಲಿಯಾಗಿ ಬೇಕಿರುವುದು ಅಗ್ಗದ, ಪರೀಕ್ಷಿತ ಮದ್ದು. ರಿಟುಕ್ಸಿಮ್ಯಾಬ್ ಎಂಬ ಹಳೆಯ ಕ್ಯಾನ್ಸರ್ ಔಷಧಿ ಅಂಥದ್ದು. 2007ರಿಂದಲೇ ಅದರ ಭಾರತೀಯ ರೂಪ ಮಾರುಕಟ್ಟೆಯಲ್ಲಿದೆ. 2022ರ ಸ್ವೀಡನ್ನಿನ ಪರೀಕ್ಷೆಯಲ್ಲಿ ಅದನ್ನು ಪಡೆದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ ದಾಳಿ ಮರುಕಳಿಸಿತು, ಹೋಲಿಕೆಯ ಮಾತ್ರೆ ತಿಂದವರಲ್ಲಿ 16 ಮಂದಿಗೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂ.ಎಸ್.ಗಾಗಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ ಮೂರರಲ್ಲಿ ಇದೂ ಇದೆ. ಬಡವನ ಪರವಾಗಿ ಮಾತಾಡುವವರು ಜಿಲ್ಲಾಸ್ಪತ್ರೆಯಲ್ಲಿ ಇದು ಸಿಗಲಿ ಎಂದು ಕೇಳಬೇಕು. ಪರೀಕ್ಷೆಯಾಗದ ಪುಡಿಯೇ ಬಡವನ ಪಾಲು ಎನ್ನುವುದು ಕರುಣೆಯ ಮಾತಲ್ಲ.

ಕೊನೆಯ ಆಕ್ಷೇಪ ಭಕ್ತರದ್ದು, ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ. ಲೆಕ್ಕ ಹಾಕುವವನಿಗೆ ದೇವರು ಒಲಿಯುವುದಿಲ್ಲ, ಪರೀಕ್ಷೆ ಎಂದರೆ ಅಪನಂಬಿಕೆ ಎನ್ನುತ್ತಾರೆ. ಹರಕೆಯ ವಿಷಯದಲ್ಲಿ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಅಮೆರಿಕದಲ್ಲಿ 1,802 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಿಗಾಗಿ ಪರರಿಂದ ಪ್ರಾರ್ಥನೆ ಮಾಡಿಸಿ ಫಲ ಎಣಿಸಿದ ಅಧ್ಯಯನ 2006ರಲ್ಲಿ ಬಂತು. ಪ್ರಾರ್ಥನೆಯಿಂದ ವ್ಯತ್ಯಾಸವಾಗಲಿಲ್ಲ, ತಮಗಾಗಿ ಪ್ರಾರ್ಥಿಸಲಾಗುತ್ತಿದೆ ಎಂದು ತಿಳಿದಿದ್ದವರಲ್ಲಿ ತೊಡಕುಗಳು ಸ್ವಲ್ಪ ಹೆಚ್ಚೇ ಇದ್ದವು. ಇದರಿಂದ ಪ್ರಾರ್ಥನೆ ಸೋತಿತು ಎಂದು ಕುಣಿದವರೂ ತಪ್ಪು, ಗೆಲ್ಲುತ್ತದೆ ಎಂದು ಲೆಕ್ಕಕ್ಕೆ ಕೂತವರೂ ತಪ್ಪು. ಶ್ರೀಭಾಷ್ಯದಲ್ಲಿ ರಾಮಾನುಜರು, ಜಗತ್ತಿನ ಕಾರ್ಯಗಳನ್ನು ನೋಡಿ ಅನುಮಾನದಿಂದ ಈಶ್ವರನನ್ನು ಸಾಧಿಸಲಾಗದು, ಶಾಸ್ತ್ರವೊಂದೇ ಅಲ್ಲಿ ಪ್ರಮಾಣ ಎಂದು ಬಿಗಿಯಾಗಿ ವಾದಿಸುತ್ತಾರೆ. ಗುಣವಾದ ಕಾಲೂ ಜಗತ್ತಿನ ಒಂದು ಕಾರ್ಯವೇ. ಅದು ದೇವರಿಗೆ ಸಾಕ್ಷಿಯಾಗಲಾರದು, ಗುಣವಾಗದ ಕಾಲು ಎದುರುಸಾಕ್ಷಿಯೂ ಆಗಲಾರದು. ಈ ನಿಯಮಕ್ಕೆ ಇನ್ನೊಂದು ಮಗ್ಗುಲು ಇದೆ. ಪ್ರತ್ಯಕ್ಷ, ಅನುಮಾನಗಳಿಗೆ ಸಿಗದ ವಿಷಯದಲ್ಲೇ ಶಾಸ್ತ್ರಕ್ಕೆ ಅಧಿಕಾರ ಎಂಬುದು ಮೀಮಾಂಸಕರಿಂದ ವೇದಾಂತಿಗಳವರೆಗೆ ಒಪ್ಪಿದ ಮಾತು. ಒಂದು ಕಷಾಯ ನರದ ಮೇಲೆ ಏನು ಮಾಡುತ್ತದೆ ಎಂಬುದು ಕಣ್ಣಿಗೆ, ಎಣಿಕೆಗೆ ಸಿಗುವ ಸಂಗತಿ. ಅಲ್ಲಿ ನಂಬಿಕೆಯನ್ನು ಪ್ರಮಾಣವಾಗಿ ತರುವುದು ನಂಬಿಕೆಯನ್ನೇ ಅದರದಲ್ಲದ ಕೆಲಸಕ್ಕೆ ಹಚ್ಚಿದಂತೆ. ಚರಕನೂ ದೈವವ್ಯಪಾಶ್ರಯ (ದೈವವನ್ನು ನೆಚ್ಚಿದ್ದು), ಯುಕ್ತಿವ್ಯಪಾಶ್ರಯ (ಯುಕ್ತಿಯಿಂದ ಕೊಡುವ ಮದ್ದು, ಪಥ್ಯ), ಸತ್ತ್ವಾವಜಯ (ಮನಸ್ಸಿನ ಹಿಡಿತ) ಎಂದು ಚಿಕಿತ್ಸೆಗಳನ್ನು ಮೂರಾಗಿ ಬಿಡಿಸಿಟ್ಟ. ಮೂರೂ ಇರಲಿ, ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಬಾರದು.

ಬೆರೆಸಿದರೆ ಏನಾಗುತ್ತದೆ ಎಂಬುದನ್ನು ರೋಗಿಗಳ ಮನೆಗಳಲ್ಲಿ ನೋಡಬಹುದು. ಪೂಜೆಯನ್ನೇ ಮದ್ದೆಂದು ಕೊಟ್ಟವರು, ಕಾಯಿಲೆ ಮರುಕಳಿಸಿದಾಗ ‘ಭಕ್ತಿ ಸಾಲದು’, ‘ಪಥ್ಯ ತಪ್ಪಿದೆ’, ‘ಹಿಂದಿನ ಕರ್ಮ’ ಎನ್ನುತ್ತಾರೆ. ಗೆಲುವು ಮದ್ದಿನದು, ಸೋಲು ರೋಗಿಯದು. ಮರುಕಳಿಸುವುದೇ ಸ್ವಭಾವವಾದ ಕಾಯಿಲೆಯಲ್ಲಿ ಇದರರ್ಥ, ರೋಗಿ ಪ್ರತಿ ಸಲವೂ ಹೊಸದಾಗಿ ಅಪರಾಧಿಯಾಗುವುದು. ನಡೆಯಲಾಗದ ಹೆಂಗಸಿಗೆ ಕಾಲಿನ ಭಾರದ ಜೊತೆ ಪಾಪದ ಭಾರವನ್ನೂ ಹೊರಿಸುವ ಇದನ್ನು ಯಾವ ಧರ್ಮವೂ ಸಮರ್ಥಿಸಲಾರದು. ಬೆರೆಸದೆಯೂ ಬದುಕಬಹುದು ಎಂಬುದಕ್ಕೆ ನಾಗಮಂಗಲ ತಾಲ್ಲೂಕಿನಲ್ಲೇ ನಿದರ್ಶನವಿದೆ. ಆದಿಚುಂಚನಗಿರಿಯ ಬೆಟ್ಟದಲ್ಲಿ ಕಾಲಭೈರವನ ಪೂಜೆ ನಡೆಯುತ್ತದೆ. ಅದೇ ಮಠ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1986ರಲ್ಲಿ, ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ಶುರುಮಾಡಿತು. ಬೆಟ್ಟದಲ್ಲಿ ಕೈಮುಗಿದು ಬಂದು ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲುವ ಜನಕ್ಕೆ ಇವೆರಡರ ನಡುವೆ ಜಗಳವೇ ಕಾಣುವುದಿಲ್ಲ. ವಿಚಾರವಾದಿ ಮತ್ತು ಭಕ್ತ ಇಬ್ಬರೂ ಆ ಜನರ ವಿವೇಕದಿಂದ ಕಲಿಯಬೇಕಾದದ್ದಿದೆ.

ಹಾಗಾದರೆ ಪರೀಕ್ಷಿಸುವ ಹೊಣೆ ಯಾರದು? ಕಾಯಿಲೆ ಬಿದ್ದವರದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣು ಮಂಜಾಗಿ ಕಾಲು ಸೋತು ಭಯದಲ್ಲಿರುವವರಿಗೆ ವ್ಯಾಪ್ತಿ, ಉಪಾಧಿಗಳ ವಿಚಾರ ಮಾಡು ಎನ್ನುವುದು ಕ್ರೌರ್ಯ. ಹೊಣೆ ಸಲಹೆ ಕೊಡುವವರದ್ದು: ಮದ್ದು ಮಾರುವವರದ್ದು, ‘ನಮ್ಮ ಕಡೆಯವರಿಗೆ ವಾಸಿಯಾಯಿತು’ ಎಂದು ವಿಳಾಸ ಕೊಡುವ ನೆಂಟರದ್ದು, ವಾಟ್ಸಾಪಿನಲ್ಲಿ ಹಂಚುವವರದ್ದು, ಔಷಧಿ ಬರೆಯುವ ಡಾಕ್ಟರದ್ದೂ. ಪಾರ್ಶ್ವವಾಯುವಿನಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಔಷಧಿಗಳ ಕಾಯ್ದೆ ನಿಷೇಧಿಸಿದೆ, ಆದರೆ ಕಾಯ್ದೆಯ ಕೈ ಜಗಲಿಯ ಮಾತಿನವರೆಗೆ ಬರುವುದಿಲ್ಲ. ಜಗಲಿಯಲ್ಲಿ ನಾವೇ ಕೇಳಬೇಕು. ನಿಮ್ಮಲ್ಲಿ ಮದ್ದು ತೆಗೆದುಕೊಂಡೂ ವಾಸಿಯಾಗದವರು ಎಷ್ಟು ಜನ, ಅವರು ಈಗ ಹೇಗಿದ್ದಾರೆ? ಡಾಕ್ಟರ ಔಷಧಿಯ ಜೊತೆಗೆ ಇದನ್ನು ತೆಗೆದುಕೊಳ್ಳಬಹುದೇ, ಅದನ್ನು ಬಿಡಬೇಕು ಎನ್ನುತ್ತೀರಾ? ಇದರಲ್ಲಿ ಏನೇನಿದೆ ಎಂದು ಬರೆದು ಕೊಡುತ್ತೀರಾ? ಫಲ ಬಾರದಿದ್ದರೆ ತಪ್ಪು ಯಾರದು ಎನ್ನುತ್ತೀರಿ? ಈ ನಾಲ್ಕು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರು ಯಾವ ಪದ್ಧತಿಯವರಾದರೂ ಗೌರವಕ್ಕೆ ಅರ್ಹರು. ಕೇಳಿದ್ದಕ್ಕೇ ಮುನಿಸಿಕೊಳ್ಳುವವರು ಮೈತ್ರೇಯನ ಪ್ರಶ್ನೆಗೆ ಮುನಿಯದ ಆತ್ರೇಯನ ವಂಶದವರಲ್ಲ. ಹರಕೆ ಹೊರುವವರು ಹೊರಲಿ, ಹೊಳೆಯಲ್ಲಿ ಮುಳುಗಿ ತಂಪು ಮಾಡಿಕೊಳ್ಳಲಿ, ಯೋಗದಿಂದ ದಣಿವು ಇಳಿಸಿಕೊಳ್ಳಲಿ. ಅವುಗಳಿಂದ ಸಿಗುವುದು ಸಣ್ಣದೇನಲ್ಲ. ನರವನ್ನು ಉಳಿಸುತ್ತೇನೆ ಎಂದು ಯಾರೇ ಬರಲಿ, ಮಠದವರಾಗಲಿ ಕಂಪನಿಯವರಾಗಲಿ, ಅವರ ಮುಂದೆ ಇಡಬೇಕಾದದ್ದು ಒಂದೇ ತಕ್ಕಡಿ.